ಇಪ್ಪತ್ತಮೂರನೆಯ ಅಳತೆ

ಮೊನ್ನೆ ಒಂದು ಕೈಚೀಲ ಕೊಂಡು ತಂದೆ. ಒಳಜೇಬಿಗೆ ಕೈ ಹಾಕಿದರೆ ಪುಟ್ಟ ಕಾಗದದ ಪೊಟ್ಟಣವೊಂದು ಸಿಕ್ಕಿತು. ತೇವ ಹೀರುವ ಹರಳು, ತಿನ್ನಬೇಡಿ ಎಂದು ಅದರ ಮೇಲೆ ನಾಲ್ಕು ಭಾಷೆಗಳಲ್ಲಿ ಬರೆದಿತ್ತು. ಎಸೆಯುವುದು ಬಿಟ್ಟು ಹರಿದು ಅಂಗೈಗೆ ಸುರಿದುಕೊಂಡೆ. ಈಗಿನ ಹರಳು ಬೆಳ್ಳಗಿರುತ್ತದೆ, ಸಬ್ಬಕ್ಕಿಯ ಹಾಗೆ. ನಾನು ಕಂಡ ಕಾಲದಲ್ಲಿ ಅದು ನೀಲಿ. ಒಣಗಿದ್ದರೆ ನೀಲಿ, ತೇವ ಕುಡಿದರೆ ನಸುಗೆಂಪು. ಕೆಂಪಾದದ್ದನ್ನು ಬಾಂಡ್ಲಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತಿತ್ತು. ಹಾಗೆ ಹುರಿಯುತ್ತ ಕೂತಿರುತ್ತಿದ್ದ ಒಬ್ಬ ಮನುಷ್ಯನಿಗೆ ನಾನೊಂದು ಸುಳ್ಳು ಹೇಳಿದ್ದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೆ. ಅದಕ್ಕೇ ಇರಬೇಕು, ಇನ್ನೂ ಅದು ನನ್ನನ್ನು ಬಿಟ್ಟಿಲ್ಲ.

ಎಂಬತ್ತರ ದಶಕ ಅರ್ಧ ಕಳೆದಿತ್ತು. ನನಗೆ ಇಪ್ಪತ್ತಾರು ವಯಸ್ಸು. ಕೊಳ್ಳೇಗಾಲದಲ್ಲಿ ಹುಟ್ಟಿ ಬೆಳೆದವಳು, ಕೊಯಮತ್ತೂರಿನಲ್ಲಿ ದೂರವಾಣಿ ಕೆಲಸದ ಕಚೇರಿಯೊಂದರಲ್ಲಿ ತಾಂತ್ರಿಕ ಸಹಾಯಕಿಯಾಗಿದ್ದೆ. ಆಗ ಊರಿಂದೂರಿಗೆ ಆಡುವ ಮಾತು ಗೋಪುರದಿಂದ ಗೋಪುರಕ್ಕೆ ಗಾಳಿಯಲ್ಲಿ ಹಾಯುತ್ತಿತ್ತು. ಅಂಥ ಒಂದು ಗೋಪುರ ಗಡಿಯ ಬೆಟ್ಟಸಾಲಿನಲ್ಲಿ, ದಿಂಬಂ ಘಟ್ಟದಿಂದ ತಾಳಮಲೆಯ ದಾರಿಯಲ್ಲಿ ಎರಡು ಮೈಲಿ ಒಳಗೆ, ಗುಡ್ಡದ ನೆತ್ತಿಯ ಮೇಲಿತ್ತು. ಬುಡದಲ್ಲಿ ಮೂರು ಕೋಣೆಯ ನಿಲ್ದಾಣ. ಒಂದು ಮಳೆಗಾಲದ ಮಟ್ಟಿಗೆ ನನ್ನನ್ನು ಅಲ್ಲಿಗೆ ಕಳಿಸಿದರು. ನನ್ನ ಜಾಣತನ ಮೆಚ್ಚಿ ಕಳಿಸಿದರೆಂದು ನಾನು ಮನೆಗೆ ಕಾಗದ ಬರೆದೆ. ನಿಜವೇನೆಂದರೆ ಅಲ್ಲಿನವರ ಕನ್ನಡ ತಿಳಿಯುವವಳು ಕಚೇರಿಯಲ್ಲಿ ನಾನೊಬ್ಬಳೇ ಇದ್ದದ್ದು.

ಆ ವರ್ಷ ನಿಲ್ದಾಣಕ್ಕೆ ಒಂದು ಕಂಪ್ಯೂಟರ್ ಬಂದಿತ್ತು. ಕಪ್ಪು ಪರದೆ, ಹಸಿರು ಅಕ್ಷರ. ಈಗಿನ ಹಾಗೆ ಚಿತ್ರ ಮುಟ್ಟಿ ಕೆಲಸ ಮಾಡಿಸುವಂತಿರಲಿಲ್ಲ. ಏನು ಬೇಕಾದರೂ ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಒತ್ತಬೇಕು. ನಿಲ್ದಾಣದ ನಲವತ್ತೊಂದು ಅಳತೆಗಳನ್ನು ಅದು ಬಿಡದೆ ನೋಡಿ ಕೊಯಮತ್ತೂರಿಗೆ ಕಳಿಸುತ್ತಿತ್ತು. ಬ್ಯಾಟರಿಯ ವೋಲ್ಟೇಜು, ಡೀಸೆಲ್ಲಿನ ಮಟ್ಟ, ಗೋಪುರದ ತುದಿಯ ಕೆಂಪು ದೀಪ, ಕೊಳವೆಯೊಳಗಿನ ಗಾಳಿಯ ಒತ್ತಡ, ಇಂಥವು. ಆದರೆ ಬರಿಯ ಅಂಕಿ ಕಂಡರೆ ಯಾರಿಗೆ ಏನು ತಿಳಿದೀತು? ಅದಕ್ಕೆ ಪ್ರತಿ ಅಳತೆಗೂ ಒಂದು ವಿವರಣೆ ಬೇಕಿತ್ತು. ಕೊಯಮತ್ತೂರಿನಲ್ಲಿ ಕೂತವನು ಹೆಲ್ಪ್ ಎಂದು ಒತ್ತಿ ಪಕ್ಕದಲ್ಲಿ ಏಳು ಎಂದು ಒತ್ತಿದರೆ, ಏಳನೆಯ ಅಳತೆ ಏನು, ಎಷ್ಟಿದ್ದರೆ ಸರಿ, ತಪ್ಪಿದರೆ ಏನು ಮಾಡಬೇಕು ಎಂಬುದೆಲ್ಲ ಪರದೆಯ ಮೇಲೆ ಬರಬೇಕು.

ಆ ವಿವರಣೆಗಳನ್ನು ಕಟ್ಟಿಕೊಡುವ ಪುಟ್ಟ ಪ್ರೋಗ್ರಾಮನ್ನು ನಾನೇ ಬರೆದಿದ್ದೆ. ಉದ್ದನೆಯ ಒಂದು ಕಡತ. ಅದರಲ್ಲಿ ಪ್ರತಿ ಅಳತೆಗೂ ಮೊದಲು ಒಂದು ಗುರುತು, ಪಕ್ಕದಲ್ಲಿ ಸಂಖ್ಯೆ, ಒಂದೇ ಸಾಲಿನ ಸಾರ, ಅದರ ಕೆಳಗೆ ಬಿಡಿಸಿ ಹೇಳಿದ ವಿವರ. ಎಲ್ಲ ಬರೆದಾದ ಮೇಲೆ ಒಂದು ಆಜ್ಞೆ ಒತ್ತಿದರೆ ಪ್ರೋಗ್ರಾಮು ಅಷ್ಟನ್ನೂ ಓದಿ, ಯಾವುದು ಎಲ್ಲಿದೆ ಎಂಬ ಪಟ್ಟಿಯ ಸಮೇತ ಕಟ್ಟಿ ಇಡುತ್ತಿತ್ತು. ಒಂದೇ ಒಂದು ಅಳತೆಗೆ ವಿವರಣೆ ಇಲ್ಲದಿದ್ದರೆ ಕಟ್ಟುತ್ತಿರಲಿಲ್ಲ. ಇಂಥದ್ದಕ್ಕೆ ವಿವರಣೆ ಇಲ್ಲ ಎಂದು ಹೇಳಿ ನಿಂತುಬಿಡುತ್ತಿತ್ತು. ಆ ಹಟ ಯಂತ್ರದ್ದಲ್ಲ, ನನ್ನದು. ಅರೆಬರೆ ಕೆಲಸ ಕಂಡರೆ ನನಗೆ ಮೈ ಉರಿಯುತ್ತಿತ್ತು. ವಯಸ್ಸು ಅಂಥದ್ದು.

ಇರಲು ಪಣಕಹಳ್ಳಿಯಲ್ಲಿ ಒಂದು ಕೋಣೆ ಗೊತ್ತುಮಾಡಿಕೊಟ್ಟರು. ಪಕ್ಕದ ಮನೆಯೇ ರಾಚಪ್ಪನದು. ಐವತ್ತರ ಹತ್ತಿರದ ಸಣಕಲು ಆಳು, ತೋಳು ಮಡಿಸಿದ ಖಾಕಿ ಅಂಗಿ, ಮಳೆ ಬಂದರೆ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ. ಗೋಪುರಕ್ಕೆ ಪಾಯ ತೋಡುವಾಗ ಮಣ್ಣು ಹೊರಲು ಹೋದವನು ಅಲ್ಲೇ ಉಳಿದುಕೊಂಡಿದ್ದ. ಹದಿನೆಂಟು ವರ್ಷದಿಂದ ದಿನಗೂಲಿ. ಸತ್ಯಮಂಗಲದಿಂದ ಪಾಳಿಯ ಮೇಲೆ ಬರುವ ಇಬ್ಬರು ಖಾಯಂ ಆಪರೇಟರುಗಳಿದ್ದರು. ಅವರಿಗೆ ಸದಾ ವರ್ಗದ್ದೇ ಧ್ಯಾನ. ಏನು ಕೆಟ್ಟರೂ ಇಬ್ಬರ ಬಾಯಲ್ಲೂ ಒಂದೇ ಮಾತು, ರಾಚಪ್ಪನನ್ನು ಕರಿ. ನಾನು ಅವನನ್ನು ಅಣ್ಣ ಎಂದೆ. ಅವನು ನನ್ನನ್ನು ಅಮ್ಮಣ್ಣಿ ಎಂದ. ಬೆಳಗಿನ ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೆ ಹೋಗಿ ಸಂಜೆಯ ಬಸ್ಸಿಗೆ ಒಟ್ಟಿಗೆ ಬರುತ್ತಿದ್ದೆವು.

ಮೊದಲ ದಿನವೇ ಬ್ಯಾಟರಿ ಕೋಣೆಯಲ್ಲಿ ನಿಂತು, ನೋಟ್‌ಬುಕ್ಕು ತೆಗೆದು, "ಅಣ್ಣ, ಈ ಬ್ಯಾಟರಿ ಕೆಡಾದು ಹೆಂಗೆ?" ಎಂದು ಕೇಳಿದೆ. ಅವನು ಗಾಬರಿಯಾಗಿ ಸುತ್ತ ನೋಡಿದ.

"ಇಲ್ಲಿ ಬ್ಯಾಡಿ ಅಮ್ಮಣ್ಣಿ. ಆಚ್ಗ ಬನ್ನಿ."

ಆಚೆ ಬೇಲಿಯ ಹತ್ತಿರ ಒಂದು ನೆಲ್ಲಿಮರ. ಅದರ ಕೆಳಗೆ ನಿಂತ ಮೇಲೆ ಹೇಳಿದ: "ಚೆಂದಾಗಿರಾದ್ರ ಮುಂದ ನಿಂತ್ಕಂಡು ಅದ್ಕ ಬರ ಕಾಯ್ಲ ಮಾತಾಡ್ಬಾರ್ದು. ಮಕ್ಳ ಮುಂದ ನಿಂತ್ಕಂಡು ಯೋಳೀವಾ?"

"ಬ್ಯಾಟರಿಗೂ ಕಿವಿ ಅದಾ ಅಣ್ಣ?" ಎಂದು ನಕ್ಕೆ.

"ಅದ್ಕಿಲ್ದೆ ಇದ್ರ ಓಗ್ಲಿ, ನಮ್ಗ ಅದ್ಯಲ್ಲ. ಬಾಯಿಂದ ಬಂದ ಮಾತು ಮನ್ಸಲ್ಲಿ ಕೂತ್ಕತ್ತದ. ಆಮೇಲ ಅದ ಮುಟ್ಟುವಾಗ ಕೈ ನಡುಕ್ತದ. ನಡುಗ ಕೈಲಿ ಯಾವ್ದೂ ಮಾಡಕ್ಕಾಗದಿಲ್ಲ."

ಮೂಢನಂಬಿಕೆ ಎಂದುಕೊಂಡು ಸುಮ್ಮನಾದೆ. ಆದರೆ ಆ ಇಡೀ ಮಳೆಗಾಲ ಅವನು ಆ ನೇಮ ಮುರಿಯಲಿಲ್ಲ. ಸರಿಯಾಗಿ ಓಡುತ್ತಿರುವ ಯಂತ್ರದ ಮುಂದೆ ಅದರ ಕೇಡಿನ ಸುದ್ದಿ ಎತ್ತುವಂತಿಲ್ಲ. ಹಾಗಾಗಿ ನಲವತ್ತು ವಿವರಣೆಗಳನ್ನೂ ನಾನು ನೆಲ್ಲಿಮರದ ಕೆಳಗೆ, ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಪೆನ್ಸಿಲು ಹಿಡಿದು ಬರೆದುಕೊಂಡೆ. ಪೆನ್ನಿನ ಶಾಯಿ ಆ ಹವೆಯಲ್ಲಿ ನಿಲ್ಲುತ್ತಿರಲಿಲ್ಲ. ಆಷಾಢದ ಗಾಳಿಗೆ ಕೊಡೆ ಮೂರು ಸಲ ತಿರುಚಿಕೊಂಡಿತು. ಶ್ರಾವಣದಲ್ಲಿ ಬಿಸಿಲು ಕಣ್ಣು ಬಿಟ್ಟು ಮುಚ್ಚುವಷ್ಟರಲ್ಲಿ ದಿಂಬಂನ ಕಡೆಯಿಂದ ಮಂಜು ಏರಿ ಬರುತ್ತಿತ್ತು. ಬಂತೆಂದರೆ ಗೋಪುರದ ಅರ್ಧ ಮಾಯ. ಚಳಿಗೆ ನನ್ನ ಮೂಗು ಸೋರುವುದು ನಿಂತದ್ದೇ ಇಲ್ಲ. ರಾಚಣ್ಣ ಮಾತ್ರ ಕೊಪ್ಪೆ ಹೊದ್ದು, ಕುಕ್ಕರುಗಾಲಲ್ಲಿ ಕೂತು, ಒಂದೊಂದು ಅಳತೆಯನ್ನೂ ಮನೆಮಂದಿಯ ಸುದ್ದಿ ಹೇಳುವಂತೆ ಹೇಳುತ್ತಿದ್ದ. ಎಂಜಿನ್ ತಣ್ಣಗಿದ್ದ ದಿನ ಮೊದಲು ಕೈಯಿಂದ ಎರಡು ಸುತ್ತು ತಿರುಗಿಸಬೇಕು. ತುದಿಯ ದೀಪ ಮಿಣುಕಿದರೆ ಬಲ್ಬು ಬದಲಿಸಲು ಹತ್ತುವ ಮೊದಲು ಕೆಳಗಿನ ಪೆಟ್ಟಿಗೆಯಲ್ಲಿ ಇರುವೆ ಗೂಡು ಕಟ್ಟಿದೆಯೇ ನೋಡಬೇಕು. ಕಂಪನಿಯವರು ಕೊಟ್ಟ ದಪ್ಪ ಪುಸ್ತಕದಲ್ಲಿ ಇರುವೆಯ ಸುದ್ದಿಯೇ ಇರಲಿಲ್ಲ.

ನಾನು ಅದನ್ನೆಲ್ಲ ಇಂಗ್ಲಿಷಿಗೆ ಇಳಿಸಿ ಕಂಪ್ಯೂಟರಿಗೆ ಹಾಕುತ್ತಿದ್ದೆ. ಆ ಪರದೆಗೆ ಕನ್ನಡವೂ ಬಾರದು, ತಮಿಳೂ ಬಾರದು. ರಾಚಣ್ಣ ನಾಲ್ಕನೇ ಕ್ಲಾಸು. ಕನ್ನಡ ಕೂಡಿಸಿ ಓದುತ್ತಿದ್ದ, ಬಸ್ಸಿನ ಬೋರ್ಡಿನ ತಮಿಳು ಓದುತ್ತಿದ್ದ, ಇಂಗ್ಲಿಷ್ ಒಂದಕ್ಷರ ತಿಳಿಯದು. ಮಾರನೆಯ ದಿನ ಮರದ ಕೆಳಗೆ ನಾನು ಬರೆದದ್ದನ್ನು ಮತ್ತೆ ಕನ್ನಡದಲ್ಲಿ ಅವನಿಗೆ ಓದಿ ಹೇಳಬೇಕು. ಅವನು ಒಪ್ಪಿದರೆ ಮಾತ್ರ ಮುಂದಿನದು.

"ಬ್ಯಾಟ್ರಿಗ ಮೊದ್ಲು ಮೂಸಿ ನೋಡ್ಬೇಕು ಅಂತ ನಾನು ಅಂದಿದ್ನಿ. ಅದ ಬರ್ದಿಲ್ವಲ್ಲ?"

"ಕೊಯಮತ್ತೂರಲ್ಲಿ ಕೂತಿರೋನ್ಗೆ ಇಲ್ಲಿನ ವಾಸ್ನೆ ಎಂಗಣ್ಣ ಬಂದದು?"

"ಅಂಗಾರ ಅಲ್ಲಿ ಕೂತ್ಕಂಡು ಸರಿ ಎಂಗ ಮಾಡಾನು?"

ಸಿಬ್ಬಂದಿಯನ್ನು ಕಳಿಸಿ ಪರೀಕ್ಷಿಸುವುದು ಎಂದು ಒಂದು ಸಾಲು ಸೇರಿಸಿದೆ. ಅವನಿಗೆ ಸಮಾಧಾನವಾಯಿತು. ಸಿಬ್ಬಂದಿ ಎಂದರೆ ತಾನೇ ಎಂದು ಅವನು ತಿಳಿದಿದ್ದ. ನಾನೂ ಹಾಗೇ ತಿಳಿದಿದ್ದೆ.

ಒಂದು ದಿನ ಬಸ್ಸಿನಲ್ಲಿ ಕೂತಾಗ, ಕಿಟಕಿಯ ಕಡೆ ನೋಡುತ್ತ, ಕೇಳಲೋ ಬೇಡವೋ ಎಂಬಂತೆ ಕೇಳಿದ: "ಅಮ್ಮಣ್ಣಿ, ಇಷ್ಟೆಲ್ಲ ಬರ್ದಿರಲ್ಲ, ಅದ್ರಲ್ಲಿ ಎಲ್ಲಾರ ನನ್ನೆಸ್ರು ಬತ್ತದಾ?"

"ಯಾಕಣ್ಣ?"

"ಬಂದ್ರ ಒಳ್ಳೇದು. ಕಂಪೂಟ್ರಲ್ಲೇ ಎಸ್ರು ಇದ್ದೋನ ಪರ್ಮನೆಂಟ್ ಮಾಡ್ದೆ ಇದ್ದಾರಾ?"

ಅವನ ಹೆಂಡತಿ ಚಿಕ್ಕತಾಯಮ್ಮನ ಬಾಯಲ್ಲೂ ಅದೇ. ಸಂಜೆ ಹೊತ್ತು ನನಗೆ ರಾಗಿ ಮುದ್ದೆ, ಹುರುಳಿ ಸಾರು ತಂದಿಟ್ಟು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. "ಮಂಜಲ್ಲಿ ನಿಂತು ನಿಂತು ಅವರ್ಗ ಮಂಡಿ ಇಡ್ಕಂಡದ ಕೂಸೆ. ಒಲದ ಕೆಲ್ಸ ಇನ್ನ ಆಗದಿಲ್ಲ. ಈ ಸಲ ಆಯ್ತದಂತ ಅಲ್ವಾ?" ಎನ್ನುತ್ತಿದ್ದಳು. ಆಗುತ್ತೆ ಎಂದೆ. ನನ್ನ ಅಪ್ಪನ ಗಂಟು ಹೋಗಬೇಕೇ, ಬಾಯಿಮಾತು ತಾನೆ ಎಂದು ಹೇಳಿದ್ದಲ್ಲ. ಆಗುತ್ತೆ ಎಂದೇ ನಂಬಿದ್ದೆ.

ಭಾದ್ರಪದ ಕಳೆಯುವ ಹೊತ್ತಿಗೆ ನಲವತ್ತು ವಿವರಣೆ ಮುಗಿದವು. ಉಳಿದದ್ದು ಇಪ್ಪತ್ತಮೂರನೆಯದೊಂದೇ. ಅದು ಕೊಳವೆಯೊಳಗಿನ ಗಾಳಿಯ ಒತ್ತಡ. ಕೋಣೆಯಿಂದ ಗೋಪುರದ ತುದಿಯ ತಟ್ಟೆಯಾಕಾರದ ಆಂಟೆನಾದವರೆಗೆ ತಾಮ್ರದ ಟೊಳ್ಳು ಕೊಳವೆ ಹೋಗುತ್ತದೆ. ಸಂಕೇತ ಹಾಯುವುದು ಅದರೊಳಗೇ. ಅದಕ್ಕೆ ಮಂಜಿನ ತೇವ ನುಗ್ಗಿದರೆ ಮಾತೆಲ್ಲ ಮಸುಕು. ನುಗ್ಗದಂತೆ ಒಂದು ಪಂಪು ಸದಾ ಒಣಗಾಳಿ ತುಂಬುತ್ತಿರಬೇಕು. ಆ ಗಾಳಿಯನ್ನು ಒಣಗಿಸುವುದು ಗಾಜಿನ ಭರಣಿಯಲ್ಲಿರುವ ನೀಲಿ ಹರಳು. ಮಂಜಿನ ನಾಡಿನಲ್ಲಿ ಎಲ್ಲಕ್ಕಿಂತ ಬೇಗ ತಪ್ಪುವ ಅಳತೆ ಇದು. ಇದನ್ನು ಕೊನೆಗೆ ನಿಧಾನವಾಗಿ ಬರೆಯೋಣ ಎಂದು ಇಟ್ಟುಕೊಂಡಿದ್ದೆ.

ಅಷ್ಟರಲ್ಲಿ ಬಸ್ಸಿನ ಟಪಾಲಿನಲ್ಲಿ ಸುತ್ತೋಲೆ ಬಂತು. ವಿವರಣೆಗಳ ಕಡತ ಪೂರ್ತಿಯಾಗಿ ಒಪ್ಪಿಗೆಯಾದ ತಿಂಗಳ ಕೊನೆಗೆ ನಿಲ್ದಾಣ ಆಳಿಲ್ಲದೆ ನಡೆಯತಕ್ಕದ್ದು. ಖಾಯಂ ನೌಕರರನ್ನು ಬೇರೆಡೆಗೆ ವರ್ಗ ಮಾಡತಕ್ಕದ್ದು. ದಿನಗೂಲಿಯ ಹಾಜರಿ ಪುಸ್ತಕ ಮುಚ್ಚತಕ್ಕದ್ದು. ಮೂರೇ ಸಾಲು. ನಾನು ಅದನ್ನು ನಾಲ್ಕು ಸಲ ಓದಿದೆ. ಪಾಳಿಯಲ್ಲಿದ್ದ ಆಪರೇಟರು ಓದಿ, ಕೊನೆಗೂ ವರ್ಗ ಬಂದ ಖುಷಿಗೆ ಟೀ ಹಂಚಿದ. ರಾಚಣ್ಣನೂ ಕುಡಿದ. ಯಾಕೆಂದು ಅವನಿಗೆ ಗೊತ್ತಿರಲಿಲ್ಲ. ಸುತ್ತೋಲೆ ಇಂಗ್ಲಿಷಿನಲ್ಲಿತ್ತು.

ನಿಲ್ದಾಣದ ಫೋನಿನಲ್ಲಿ ಕೊಯಮತ್ತೂರಿನ ನಮ್ಮ ಸಾಹೇಬರನ್ನು ಹಿಡಿದೆ. ಕೆಟ್ಟವರಲ್ಲ. ತಮಿಳಿನಲ್ಲಿ ಸಮಾಧಾನವಾಗಿಯೇ ಹೇಳಿದರು: "ಮೇಲಿನಿಂದ ಬಂದ ಆಜ್ಞೆ ಅಮ್ಮ. ನನ್ನ ಕೈಯಲ್ಲಿ ಏನಿದೆ? ಅರ್ಜಿ ಬರೆದು ಕಳಿಸು, ಮುಂದಕ್ಕೆ ಹಾಕುತ್ತೇನೆ." ಬರೆದೆ. ಹದಿನೆಂಟು ವರ್ಷದ ಕೆಲಸ, ಮಂಡಿ ನೋವು, ಈ ವಿವರಣೆಗಳೆಲ್ಲ ಇವನ ತಲೆಯಿಂದ ಬಂದವು, ಎಲ್ಲ ಬರೆದೆ. ಮುಂದಕ್ಕೆ ಹಾಕಿದರೋ ಏನೋ, ಹಿಂದಕ್ಕಂತೂ ಏನೂ ಬರಲಿಲ್ಲ.

ಆಗ ನನಗೆ ಹೊಳೆದದ್ದು ಒಂದೇ ದಾರಿ. ಇಪ್ಪತ್ತಮೂರನೆಯದನ್ನು ಕೇಳುವುದೇ ಇಲ್ಲ. ಕೇಳದಿದ್ದರೆ ಬರೆಯುವಂತಿಲ್ಲ, ಬರೆಯದಿದ್ದರೆ ಕಟ್ಟಲಾಗುವುದಿಲ್ಲ, ಕಟ್ಟದಿದ್ದರೆ ಒಪ್ಪಿಗೆಯಿಲ್ಲ. ದಿನಾ ಸಂಜೆ ಆಜ್ಞೆ ಒತ್ತುವುದು, ಇಪ್ಪತ್ತಮೂರಕ್ಕೆ ವಿವರಣೆ ಇಲ್ಲ ಎಂದು ಅದು ನಿಂತುಬಿಡುವುದು. ಆ ಹಸಿರು ಸಾಲು ಕಂಡರೆ ಎದೆ ಹಗುರಾಗುತ್ತಿತ್ತು. ಕೊಯಮತ್ತೂರಿಗೆ ಮಾತ್ರ, ಮಂಜಿನ ಕಾಲ ಪೂರ್ತಿ ಗಮನಿಸಬೇಕು, ಇನ್ನೂ ಸಮಯ ಬೇಕು ಎಂದು ಬರೆಯುತ್ತಿದ್ದೆ. ಎಷ್ಟು ದಿನ ನಡೆದೀತು ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ಬೇರೆ ಏನು ಮಾಡಲೂ ತೋಚಲಿಲ್ಲ.

ಕಾರ್ತಿಕ ಬಂತು. ದಿನವಿಡೀ ಮಂಜು. ಭರಣಿಯ ಹರಳು ಮೂರು ದಿನಕ್ಕೊಮ್ಮೆ ಕೆಂಪಾಗುತ್ತಿತ್ತು. ರಾಚಣ್ಣ ಹಿತ್ತಲಿನ ಸೂರಿನಡಿ ಮೂರು ಕಲ್ಲಿನ ಒಲೆ ಹೂಡಿ, ಕಬ್ಬಿಣದ ಬಾಂಡ್ಲಿಯಲ್ಲಿ ಹರಳು ಸುರಿದು, ಸೌಟಿನಲ್ಲಿ ಕೈಯಾಡಿಸುತ್ತ ಕೂರುತ್ತಿದ್ದ. ನಾನೂ ಚಳಿ ಕಾಯಿಸಲು ಹತ್ತಿರ ಕೂರುತ್ತಿದ್ದೆ. ಕಾದ ಕಬ್ಬಿಣದ ವಾಸನೆ, ಹೊಗೆ, ಹರಳು ಬಾಂಡ್ಲಿಗೆ ತಾಗುವ ಸರಸರ ಸದ್ದು. ಅವನು ಬೆಂಕಿಯನ್ನು ಉರಿಯಲು ಬಿಡುತ್ತಿರಲಿಲ್ಲ, ಕೆಂಡವೇ ಸಾಕು. ಎಲ್ಲವನ್ನೂ ನೋಡುತ್ತಿದ್ದೆ, ಒಂದು ಮಾತೂ ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹುರಿದು ಮುಗಿಸಿ, ಕೈ ಒರೆಸಿಕೊಂಡು, ತಾನಾಗಿಯೇ ನೆಲ್ಲಿಮರದ ಕಡೆ ನಡೆದ. ನಾನೂ ಹಿಂದೆ ಹೋದೆ.

"ಎಲ್ಲಾನೂ ಕೇಳುದ್ರಿ," ಅಂದ. "ಇರುವ ಗೂಡ್ನೂ ಬುಡ್ನಿಲ್ಲ. ಈ ಬಾಂಡ್ಲಿ ಒಂದ ಕೇಳ್ನಿಲ್ಲ. ಯಾಕವ್ವ?"

ಅಮ್ಮಣ್ಣಿ ಅನ್ನುವವನು ಅವ್ವ ಎಂದಾಗ ನನಗೆ ತಡೆಯಲಾಗಲಿಲ್ಲ. ಸುತ್ತೋಲೆಯ ಮೂರೂ ಸಾಲನ್ನು ಕನ್ನಡದಲ್ಲಿ ಹೇಳಿದೆ. ಉಳಿದ ನಲವತ್ತನ್ನು ಓದಿ ಹೇಳುತ್ತಿದ್ದಂತೆಯೇ ಹೇಳಿದೆ. ಅವನು ಬೇಲಿಯ ಕಡೆ ನೋಡುತ್ತ ಕೇಳಿಸಿಕೊಂಡ.

"ಅಂದ್ರ ಇದೊಂದು ಕೂಡುದ್ರ ನಾನು ಬ್ಯಾಡ."

"ಹೂಂ ಅಣ್ಣ."

"ಕೇಳ್ದೆ ಇದ್ರ ನಿಮ್ಗೇನಾದದು?"

"ಏನೂ ಆಗದಿಲ್ಲ."

ಅದೂ ಸುಳ್ಳೇ. ಆ ವಾರವಷ್ಟೇ ನನಗೆ ಮೆಮೊ ಬಂದಿತ್ತು, ಕೆಲಸ ಯಾಕೆ ತಡವಾಗಿದೆ, ಕಾರಣ ತೋರಿಸು ಎಂದು. ಆಪರೇಟರು ಅದನ್ನು ಆಗಲೇ ರಾಚಣ್ಣನಿಗೆ ಹೇಳಿದ್ದನೆಂದು ಆಮೇಲೆ ತಿಳಿಯಿತು. ಅವನು ಮಾತ್ರ ಏನೂ ತೋರಗೊಡಲಿಲ್ಲ. "ಚಿಕ್ಕತಾಯಿಗ ಯೋಳ್ಬ್ಯಾಡಿ," ಎಂದಷ್ಟೇ ಹೇಳಿ ಒಳಗೆ ಹೋದ.

ಅದಾದ ಹತ್ತನೆಯ ದಿನವೋ ಏನೋ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಮಂಜಿನಲ್ಲಿ ದೀಪ ಹಚ್ಚಿಕೊಂಡು ಜೀಪು ಬಂತು. ಸಾಹೇಬರು. ಮಫ್ಲರು ಬಿಚ್ಚದೆಯೇ ಪರದೆಯ ಮುಂದೆ ಕೂತು, ಕಟ್ಟು ನೋಡೋಣ, ಎಂದರು. ಆಜ್ಞೆ ಒತ್ತಿದೆ. ಇಪ್ಪತ್ತಮೂರಕ್ಕೆ ವಿವರಣೆ ಇಲ್ಲ ಎಂದು ಅದು ನಿಂತಿತು.

"ಎರಡು ತಿಂಗಳಿಂದ ಇದೇ ಒಂದು," ಎಂದರು ತಮಿಳಿನಲ್ಲಿ. "ಗಾಳಿಯ ಒತ್ತಡ ಅಷ್ಟು ದೊಡ್ಡ ವಿದ್ಯೆಯೇನಮ್ಮ? ನನ್ನನ್ನೂ ಕೇಳುತ್ತಾರೆ. ಇನ್ನು ನಿನ್ನ ಮೇಲೆ ಬರೆಯದೆ ನನಗೆ ದಾರಿಯಿಲ್ಲ."

ಇನ್ನೂ ಗಮನಿಸುವುದು ಮುಗಿದಿಲ್ಲ ಸರ್ ಎಂದೆ. ನನ್ನ ದನಿ ನನಗೇ ಕಳ್ಳಿಯ ದನಿಯಾಗಿ ಕೇಳಿಸಿತು.

ರಾಚಣ್ಣ ಆಗಷ್ಟೇ ಹುರಿದ ಹರಳನ್ನು ಬಾಂಡ್ಲಿಯ ಸಮೇತ ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಳಗೆ ಬಂದ. ನಾನು ಕಣ್ಣಲ್ಲೇ ಬೇಡ ಎಂದೆ. ಅವನು ನನ್ನ ಕಡೆ ನೋಡಲೇ ಇಲ್ಲ. ನೆಟ್ಟಗೆ ಹೋಗಿ, ಓಡುತ್ತಿದ್ದ ಪಂಪಿನ ಮುಂದೆ ನಿಂತು, ಸಾಹೇಬರಿಗೆ ತಿಳಿಯಲೆಂದು ತಮಿಳಿನಲ್ಲಿ ಶುರುಮಾಡಿದ.

ಪಂಪು ಎಷ್ಟು ಹೊತ್ತಿಗೊಮ್ಮೆ ಉಸಿರುಬಿಡುತ್ತದೆ ಎಂದು ಕಿವಿಗೊಡಬೇಕು. ಬೇಗ ಬೇಗ ಬಿಟ್ಟರೆ ಎಲ್ಲೋ ಸೋರುತ್ತಿದೆ. ಒತ್ತಡ ಇಳಿಯುವುದು ಅದಾದ ಮೇಲೆ. ಸೋರುವುದು ಹೆಚ್ಚಾಗಿ ಗೋಪುರದ ಮೂರನೆಯ ಅಂತಸ್ತಿನ ಸೇರಿಕೆಯಲ್ಲಿ. ಅಲ್ಲಿನ ರಬ್ಬರು ಚಳಿಗೆ ಕುಗ್ಗುತ್ತದೆ. ಸಾಬೂನಿನ ನೀರು ಹಚ್ಚಿ ಗುಳ್ಳೆ ನೋಡಬೇಕು. ಬಿಚ್ಚಿ ಹರಳೆಣ್ಣೆ ಸವರಿ ಮತ್ತೆ ಬಿಗಿಯಬೇಕು, ಪೂರ್ತಿ ಬಿಗಿಯಬಾರದು, ಅರ್ಧ ಸುತ್ತು ಬಿಡಬೇಕು. ಹರಳು ಹುರಿಯುವಾಗ ಉರಿ ಬೇಡ, ಕೆಂಡ ಸಾಕು. ನವಿಲಿನ ಕತ್ತಿನ ಬಣ್ಣ ಬಂದ ತಕ್ಷಣ ಇಳಿಸಬೇಕು. ಕಪ್ಪಾಯಿತೆಂದರೆ ಕೆಟ್ಟಿತು, ಮತ್ತೆ ಹುರಿದು ಫಲವಿಲ್ಲ.

ಸಾಹೇಬರು, "ಟೈಪ್ ಮಾಡಮ್ಮ," ಎಂದರು.

ಮಾಡಿದೆ. ಬೇರೇನು ಮಾಡಲಿ? ಅವನು ಹೇಳುತ್ತ ಹೋದ, ನಾನು ಒತ್ತುತ್ತ ಹೋದೆ. ಚೆನ್ನಾಗಿ ಓಡುತ್ತಿರುವ ಪಂಪಿನ ಮುಂದೆ ನಿಂತು ಅದಕ್ಕೆ ಬರುವ ಎಲ್ಲ ಕಾಯಿಲೆಯನ್ನೂ ಹೆಸರು ಹಿಡಿದು ಹೇಳುತ್ತಿದ್ದ. 'ಇಲ್ಲಿ ಬ್ಯಾಡಿ' ಎನ್ನಲಿಲ್ಲ. ಅದು ಅವನ ನೇಮ ಮುರಿದದ್ದೆಂದು ಅವನ ಹೊರತು ಆ ಕೋಣೆಯಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಅವನ ಕೈಯಲ್ಲಿದ್ದ ಬಾಂಡ್ಲಿಯಲ್ಲಿ ಹರಳು ಸಣ್ಣಗೆ ಸದ್ದು ಮಾಡುತ್ತಿತ್ತು. ಕೈ ನಡುಗುತ್ತಿತ್ತು.

ಕೊನೆಗೆ ನಾನಾಗಿಯೇ ಒಂದು ಸಾಲು ಸೇರಿಸಿದೆ. ಇಷ್ಟು ಮಾಡಿಯೂ ಒತ್ತಡ ನಿಲ್ಲದಿದ್ದರೆ ಪಣಕಹಳ್ಳಿಯ ರಾಚಪ್ಪನನ್ನು ಕರೆಸುವುದು. ಸಾಹೇಬರು ಕನ್ನಡಕ ಮೇಲೆತ್ತಿ ಓದಿ, ಇಂಗ್ಲಿಷಿನಲ್ಲಿ ಹೇಳಿದರು.

"ಆಳಿನ ಹೆಸರೆಲ್ಲ ಬೇಡಮ್ಮ. ಇವತ್ತು ಇರುತ್ತಾರೆ, ನಾಳೆ ಇರುವುದಿಲ್ಲ. ತೆಗೆ."

ತೆಗೆದೆ. ಒಂದೊಂದೇ ಅಕ್ಷರ ಹಿಂದಿನಿಂದ ಅಳಿಸುತ್ತ ಬಂದೆ. ರಾಚಣ್ಣ ನನ್ನ ಹೆಗಲ ಹಿಂದೆಯೇ ನಿಂತು ಪರದೆ ನೋಡುತ್ತಿದ್ದ. ಅವನಿಗೆ ಕಂಡದ್ದು ಹಸಿರು ಗೆರೆ ಮಾತ್ರ. ಆಮೇಲೆ ಕಟ್ಟುವ ಆಜ್ಞೆ ಒತ್ತಿದೆ. ಎಲ್ಲೋ ಒಂದು ತಪ್ಪು ಸಿಕ್ಕಿ ನಿಂತುಬಿಡಲಿ ಎಂದು ಮಾದಪ್ಪನಿಗೆ ಹರಕೆ ಹೊತ್ತೆ. ನಿಲ್ಲಲಿಲ್ಲ. ಎಲ್ಲ ಸರಿಯಿದ್ದರೆ ಆ ಪ್ರೋಗ್ರಾಮು ಏನೂ ಹೇಳುತ್ತಿರಲಿಲ್ಲ, ಸುಮ್ಮನೆ ಮುಂದಿನ ಆಜ್ಞೆಗೆ ಕಾಯುತ್ತಿತ್ತು. ಅದನ್ನೂ ಹಾಗೆ ಮಾಡಿದ್ದವಳು ನಾನೇ.

ಸಾಹೇಬರು ಟೀ ಕುಡಿಯಲು ಆಚೆ ಹೋದರು. ರಾಚಣ್ಣ ಹರಳನ್ನು ಭರಣಿಗೆ ತುಂಬಿ, ಮುಚ್ಚಳ ತಿರುಗಿಸಿ, ನಿಧಾನವಾಗಿ ಕೇಳಿದ.

"ಕೊನೇಲಿ ಏನೋ ಒತ್ತುದ್ರಿ. ನನ್ನೆಸ್ರಾ?"

ಅವನ ಮುಖ ನೋಡಿದೆ. "ಹೂಂ ಅಣ್ಣ. ಹಾಕಿವ್ನಿ."

"ಏನಂತ?"

"ಎಷ್ಟು ಮಾಡುದ್ರೂ ಒತ್ತಡ ನಿಲ್ದೆ ಇದ್ರೆ ಪಣಕಹಳ್ಳಿ ರಾಚಪ್ಪನ್ನ ಕರಸಬೇಕು, ಅಂತ."

ಅವನು ತಲೆಯಾಡಿಸಿದ. ಮುಖದಲ್ಲಿ ನಗು ಅಂತಲ್ಲ, ಒಂದು ಬಗೆಯ ಗೆಲುವು ಬಂತು. "ಅಷ್ಟು ಸಾಕು ಬುಡಿ," ಎಂದ. ಅಷ್ಟು ಕೊಟ್ಟೆನಲ್ಲ ಎಂದು ನನಗೂ ಆ ಹೊತ್ತು ಸಮಾಧಾನವೇ ಆಯಿತು.

ತಿಂಗಳ ಕೊನೆಗೆ ಹಾಜರಿ ಪುಸ್ತಕ ಮುಚ್ಚಿದರು. ಆಪರೇಟರುಗಳು ಊರ ಹತ್ತಿರಕ್ಕೆ ವರ್ಗವಾಗಿ ಹೋದರು. ನಾನು ಕೊಯಮತ್ತೂರಿಗೆ ಮರಳಿದೆ. ಹೊರಡುವ ದಿನ ಚಿಕ್ಕತಾಯಮ್ಮ ನನ್ನ ಚೀಲಕ್ಕೆ ಎರಡು ಸೇರು ಹುರುಳಿ ತುಂಬಿದಳು.

ಮರುವರ್ಷದ ಕಾರ್ತಿಕದಲ್ಲಿ ಒಂದು ದಿನ ಕೊಯಮತ್ತೂರಿನ ಕೋಣೆಯಲ್ಲಿ ಇಪ್ಪತ್ತಮೂರನೆಯ ಅಳತೆ ಇಳಿಯತೊಡಗಿತು. ಹೊಸ ಹುಡುಗಿಯೊಬ್ಬಳು ಹೆಲ್ಪ್ ಒತ್ತಿದಳು. ರಾಚಣ್ಣ ಹೇಳಿದ್ದು ಸಾಲು ಸಾಲಾಗಿ ಪರದೆಯ ಮೇಲೆ ಬಂತು. ಹತ್ತಿರದಲ್ಲೇ ಆಳಿದ್ದಾನೆ, ಪಣಕಹಳ್ಳಿಯಿಂದ ಕರೆಸೋಣ ಸರ್ ಎಂದೆ. ದಿನಗೂಲಿಗೆ ಈಗ ಅವಕಾಶವೇ ಇಲ್ಲವಲ್ಲಮ್ಮ ಎಂದರು ಸಾಹೇಬರು. ಇಲ್ಲಿಂದಲೇ ಮೂವರು ಸಾಬೂನು, ಹರಳೆಣ್ಣೆ ಹಿಡಿದು ಜೀಪಿನಲ್ಲಿ ಹೋದರು. ಮಾರನೆಯ ದಿನ ಒತ್ತಡ ಸರಿಯಾಯಿತು. ವಿವರಣೆ ಬಹಳ ಚೆನ್ನಾಗಿದೆ ಎಂದು ನನಗೆ ಹೊಗಳಿಕೆಯ ಪತ್ರ ಬಂತು.

ಅದಾದ ಮೂರನೆಯ ವಾರ ರಜೆ ಹಾಕಿ ಪಣಕಹಳ್ಳಿಗೆ ಹೋದೆ. ಯಾಕೆ ಹೋದೆ ಎಂದರೆ ಹೇಳಲಾರೆ, ಕೂತಲ್ಲಿ ಕೂರಲಾಗಲಿಲ್ಲ. ಬೆಟ್ಟದ ಮೇಲೆ ದಟ್ಟ ಮಂಜು. ಬಸ್ಸಿನಿಂದ ಇಳಿದರೆ, ನಿಲ್ಲುವ ಜಾಗದ ಕಲ್ಲಿನ ಮೇಲೆ ಕೊಪ್ಪೆ ಹೊದ್ದು ಯಾರೋ ಕೂತಿದ್ದರು. ಪಕ್ಕದಲ್ಲಿ ಬಟ್ಟೆಯ ಗಂಟು. ನನ್ನನ್ನು ಕಂಡದ್ದೇ ಎದ್ದು ನಿಂತ. ರಾಚಣ್ಣ.

"ಬಂದ್ರಾ ಅಮ್ಮಣ್ಣಿ," ಅಂದ, ನಾನು ಬರುವುದು ಮೊದಲೇ ಗೊತ್ತಿದ್ದವನ ಹಾಗೆ. ನನ್ನ ಬೆನ್ನ ಹಿಂದೆ ರಸ್ತೆ ನೋಡಿದ. "ಜೀಪೆಲ್ಲಿ? ಒತ್ತಡ ನಿಂತಿಲ್ವಾ?"

ಅಷ್ಟರಲ್ಲಿ ಚಿಕ್ಕತಾಯಮ್ಮ ಸೆರಗು ತಲೆಗೆ ಎಳೆದುಕೊಂಡು ಮನೆಯ ಕಡೆಯಿಂದ ಬಂದಳು, ಅವನನ್ನು ಕರೆದೊಯ್ಯಲು. ನನ್ನ ಕೈ ಹಿಡಿದು ಹೇಳಿದಳು. "ನೀವಾರ ಯೋಳಿ ಕೂಸೆ. ಮಂಜು ಬಿದ್ದ ದಿನ ಕೂಲಿಗ ಓಗದಿಲ್ಲ. ಯಾರ್ ಕರುದ್ರೂ ಒಲ್ಲೆ ಅಂತರ. ಕಂಪೂಟ್ರಲ್ಲಿ ನನ್ನೆಸ್ರು ಅದ, ಜೀಪು ಬತ್ತದ, ನಾನಿಲ್ದೆ ಇದ್ರ ಏನ್ ಮಾಡ್ತರ ಅಂತ ಇಲ್ಲೇ ಕೂತ್ಕತ್ತರ. ಓದ್ವರ್ಷದಿಂದ ಇದೇ."

ಗಂಟಿನ ಬಟ್ಟೆಯ ಸಂದಿಯಲ್ಲಿ ಬಾಂಡ್ಲಿಯ ಕಿವಿ ಕಾಣುತ್ತಿತ್ತು.

ಈಗಲಾದರೂ ನಿಜ ಹೇಳಬಹುದಿತ್ತು. ಆ ಹೆಸರು ಅಲ್ಲಿಲ್ಲ ಅಣ್ಣ, ನಿನ್ನ ಕಣ್ಣೆದುರಿಗೇ ಅಳಿಸಿದೆ ಎನ್ನಬಹುದಿತ್ತು. "ಒತ್ತಡ ಇಳಿದಿತ್ತು ಅಣ್ಣ. ಈಗ ಸರಿ ಹೋಗದೆ," ಎಂದೆ.

"ಸರಿ ಓಯ್ತಾ? ಯಾರ್ ಮಾಡುದ್ರು?"

"ಕೊಯಮತ್ತೂರಿಂದ ಬಂದಿದ್ರು. ನೀನು ಹೇಳಿದ್ದನ್ನ ಓದ್ಕಂಡು ಮಾಡುದ್ರು."

ಮೂರನೆಯ ಅಂತಸ್ತಿನ ಸೇರಿಕೆಯೇ ಎಂದು ಕೇಳಿದ. ಹೌದೆಂದೆ. ಅರ್ಧ ಸುತ್ತು ಬಿಟ್ಟರೇ ಎಂದು ಕೇಳಿದ. ಬಿಟ್ಟರು ಎಂದೆ.

"ಅಂಗಾರ ಕರಿಯಾದೇನ್ ಬ್ಯಾಡ ಬುಡಿ," ಅಂದ. ಸಿಟ್ಟಿರಲಿಲ್ಲ, ಲೆಕ್ಕ ಸರಿಹೋದವನ ದನಿ. "ನಾನೇ ಎಲ್ಲನೂ ಯೋಳ್ಬುಟ್ನಲ್ಲ."

ಆಮೇಲೆ ಬಗ್ಗಿ ಗಂಟನ್ನು ಎತ್ತಿ, ಒದ್ದೆಯಾದ ಬಟ್ಟೆ ಕೊಡವಿ, ಚಿಕ್ಕತಾಯಮ್ಮನ ಕೈಗೆ ಕೊಟ್ಟ.

"ಇದ ಮನೆಗ ತಕ್ಕೊಂಡೋಗು," ಅಂದ. "ನಾಳಿಂದ ಕೂಲಿಗ ಓಯ್ತೀನಿ."